ಅಣ್ಣನ ವಿಲಾಯತಿ ಡಬ್ಬಿಗಳು

ನಮ್ಮ ಅಣ್ಣ ಎರಡು ಕೆಲಸಗಳನ್ನು ಬಹಳ ಚೊಕ್ಕಾಗಿ ಮಾಡುತ್ತಿದ್ದ. ಆಟಿಕೆಯ ರೈಲು ಡಬ್ಬಿಯನ್ನು ಕತ್ತರಿಸಿ, ಬೆಸೆದು, ಬಣ್ಣ ಹಚ್ಚಿ, ವಿಲಾಯತಿಯ ಹಳಿಯ ಮೇಲೆ ನಿಜವಾಗಿ ಓಡುವ ಒಂದು ಡಬ್ಬಿಯ ಪಡಿಯಚ್ಚು ಮಾಡುವುದು ಒಂದು. ಹೆಂಡತಿಯನ್ನು ಹೊಡೆಯುವುದು ಇನ್ನೊಂದು. ಮೊದಲನೆಯದನ್ನು ನೋಡಲು ಇಂಡಿಯಿಂದ, ಮುದ್ದೇಬಿಹಾಳದಿಂದ ಜನ ಬರುತ್ತಿದ್ದರು. ಎರಡನೆಯದನ್ನು ನೋಡಲು ಯಾರೂ ಬಸ್ಸು ಹತ್ತಬೇಕಿರಲಿಲ್ಲ. ಬಸವನ ಬಾಗೇವಾಡಿಯ ನಮ್ಮ ಓಣಿಯವರು ಕಿಟಕಿ ತೆರೆದರೆ ಸಾಕಿತ್ತು.

ನಾನು ಅವನ ತಂಗಿ. ಆಗ ಅಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ, ಊರೆಲ್ಲ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿತ್ತು. ಲಗ್ನ ಆಗಿರಲಿಲ್ಲ, ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿಯ ಜೊತೆಗೇ ಇದ್ದೆ. ಸಿಟ್ಟು ನಮ್ಮ ಮನೆತನದಲ್ಲಿ ಎಲ್ಲರಿಗೂ ಸಮನಾಗಿ ಬಂದ ಆಸ್ತಿ. ಶಾಲೆ ನೋಡಲು ಬಂದ ಸಾಹೇಬರ ಎದುರಿಗೇ ಡಸ್ಟರನ್ನು ಗೋಡೆಗೆ ಬೀಸಿ ಒಗೆದವಳು ನಾನು. ಆದ್ದರಿಂದ ಅಣ್ಣ ರಾಕ್ಷಸ, ನಾನು ದೇವತೆ ಎಂದು ಹೇಳಲು ಇಲ್ಲಿ ಕೂತಿಲ್ಲ. ನಮ್ಮಿಬ್ಬರಲ್ಲಿ ಇದ್ದ ಫರಕು ಇಷ್ಟೇ. ನನ್ನ ಸಿಟ್ಟಿಗೆ ಗೋಡೆ ಸಿಗುತ್ತಿತ್ತು, ಅವನ ಸಿಟ್ಟಿಗೆ ಒಬ್ಬ ಹೆಂಗಸು ಸಿಗುತ್ತಿದ್ದಳು.

ಮಹಾಯುದ್ಧದ ಕಾಲದಲ್ಲಿ ಸರಕಾರ ಕಸಬು ಕಲಿಯಲೆಂದು ಇಲ್ಲಿಯ ಕೆಲವು ತರುಣರನ್ನು ವಿಲಾಯತಿಗೆ ಕಳಿಸಿತ್ತು. ಅಣ್ಣ ಅವರಲ್ಲೊಬ್ಬ. ಅಲ್ಲಿ ರೈಲು ಡಬ್ಬಿ ಕಟ್ಟುವ ಕಾರಖಾನೆಯೊಂದರಲ್ಲಿ ಅವನಿಗೆ ಬಾಗಿಲು ಕೂಡಿಸುವ ಕೆಲಸ. ಬರುವಾಗ ತಗಡಿನ ಆಟಿಕೆ ಡಬ್ಬಿಗಳ ಪೆಟ್ಟಿಗೆಯೊಂದನ್ನು ಹೊತ್ತು ತಂದ. ಇಲ್ಲಿ ರೈಲ್ವೆ ನೌಕರಿ ಹಿಡಿದ, ಮೇಲಿನವನ ಕಪಾಳಕ್ಕೆ ಬಾರಿಸಿ ಅದನ್ನು ಕಳೆದುಕೊಂಡ, ಆಮೇಲೆ ಊರಲ್ಲಿ ಸ್ಟೋವು, ಗ್ಯಾಸಬತ್ತಿ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಕೂತ.

ಆ ಡಬ್ಬಿಗಳು ನನ್ನ ಕಣ್ಣಿಗೆ ಚೆಂದವೇ ಇದ್ದವು. ಅವನಿಗೆ ಅವನ್ನು ನೋಡಿದರೆ ಮೈ ಉರಿಯುತ್ತಿತ್ತು. ಮಾಡಿದವರು ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಒತ್ತಿ, ಒಂದರ ಮೇಲೆ ಮೊದಲ ದರ್ಜೆ, ಇನ್ನೊಂದರ ಮೇಲೆ ಮೂರನೆಯ ದರ್ಜೆ ಎಂದು ಬರೆದು ಮಾರಿದ್ದರಂತೆ. ನಿಜದ ಡಬ್ಬಿಗಳು ಹಾಗಲ್ಲ. ಒಂದೇ ಕಾರಖಾನೆಯಲ್ಲಿ ಅಕ್ಕಪಕ್ಕ ನಿಂತು ತಯಾರಾದ ಎರಡು ಡಬ್ಬಿಗಳೂ ಒಂದೇ ರೀತಿ ಇರುವುದಿಲ್ಲ. ಒಂದರ ಮಾಡಿನ ಮೇಲೆ ಗಾಳಿಕಿಂಡಿಗಳು ನೆಟ್ಟಗೆ ಒಂದೇ ಸಾಲು, ಇನ್ನೊಂದರಲ್ಲಿ ಎಡಕ್ಕೊಂದು ಬಲಕ್ಕೊಂದು. ಗಾರ್ಡು ಕೂಡುವ ಡಬ್ಬಿಗೆ ಪಕ್ಕದಲ್ಲಿ ಹೊರಕ್ಕೆ ಉಬ್ಬಿದ ಕಿಂಡಿ, ಅವನು ಅದರಲ್ಲಿ ಕೂತು ಗಾಡಿಯ ಉದ್ದಕ್ಕೂ ಕಣ್ಣು ಹಾಯಿಸಬೇಕು. ಪಾಯಖಾನೆಯ ಮಬ್ಬು ಗಾಜು ಕೆಲವಕ್ಕೆ ತುದಿಯಲ್ಲಿ, ಕೆಲವಕ್ಕೆ ನಡುವೆ. ಇವನ್ನೆಲ್ಲ ಅಣ್ಣ ತಲೆಯಲ್ಲಿಟ್ಟುಕೊಂಡಿದ್ದ. ವನಸ್ಪತಿ ಡಬ್ಬದ ತಗಡು ಕತ್ತರಿಸಿ ಹೊಸ ಗೋಡೆ, ಕುಪ್ಪಸದ ಒತ್ತುಗುಂಡಿಯಿಂದ ಗಾಳಿಕಿಂಡಿ, ಗುಂಡುಪಿನ್ನಿನಿಂದ ಬಾಗಿಲ ಹಿಡಿಕೆ, ದವಾಖಾನೆಯವರು ಬಿಸಾಡಿದ ಎಕ್ಸ್‌ರೇ ಹಾಳೆಯನ್ನು ತೊಳೆದು ಕಿಟಕಿಯ ಗಾಜು. ಮನೆಯೆಲ್ಲ ನವಸಾಗರದ ಮತ್ತು ಬೆಸುಗೆಯ ಹೊಗೆ ವಾಸನೆ. ಅವನು ಬರ್ಮಾ ಹಿಡಿದು ತೂತು ಕೊರೆಯುವಾಗ ನೋಡಬೇಕು, ಉಸಿರನ್ನೂ ಕೇಳಿ ಬಿಡುತ್ತಿದ್ದ. ಆ ಕೈ ನೋಡಿದವರಿಗೆ ಅದೇ ಕೈ ಇನ್ನೊಬ್ಬರ ಮೇಲೆ ಏಳುತ್ತದೆ ಎಂದರೆ ನಂಬಿಕೆಯೇ ಬರುತ್ತಿರಲಿಲ್ಲ.

ಒಂದು ಕೆಲಸ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಕಡುಗೆಂಪು ಬಣ್ಣದ ಮೇಲೆ ಉದ್ದಕ್ಕೂ ಕೂದಲೆಳೆಯಂಥ ಹಳದಿ ಗೆರೆ ಹೋಗಬೇಕು. ಬೆಸುಗೆ ಹಿಡಿದು ಹಿಡಿದು ಅವನ ಬೆರಳುಗಳು ಬಿರುಸಾಗಿದ್ದವು, ಕುಂಚ ಹಿಡಿದರೆ ಅದುರುತ್ತಿದ್ದವು. ವೈನಿ ಆಲಮೇಲದ ಹುಡುಗಿ, ಅಂಗಳಕ್ಕೆ ರಂಗೋಲಿ ಎಳೆದರೆ ದಾಟಲು ಮನಸ್ಸಾಗುತ್ತಿರಲಿಲ್ಲ. ಅಳಿಲಿನ ಬಾಲದ ಕೂದಲಿನ ಕುಂಚ ಕಟ್ಟಿ ಅವಳ ಕೈಗೆ ಕೊಟ್ಟ. ಅವಳು ಮೊದಲ ದಿನವೇ ಗೆರೆ ಎಳೆದಳು. ಅಂದಿನಿಂದ ಅವಳ ಬೆನ್ನ ಹಿಂದೆ ಉಕ್ಕಿನ ಫೂಟುಪಟ್ಟಿ ಹಿಡಿದು ನಿಲ್ಲತೊಡಗಿದ. ಗೆರೆ ನೆಟ್ಟಗೆ ಬಂದರೆ ಮಾತಿಲ್ಲ. ಎಳ್ಳುಕಾಳಿನಷ್ಟು ಸೊಟ್ಟಾದರೆ ಪಟ್ಟಿಯ ಅಂಚು ಅವಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಗೆಣ್ಣು ಬಾತ ಕೈಯಿಂದ ಎಳೆದ ಮುಂದಿನ ಗೆರೆ ಸೊಟ್ಟಾಗದೆ ಇನ್ನೇನಾದೀತು? ಅದಕ್ಕೂ ಹೊಡೆತ.

ವೈನಿ ಮೊದಲ ಸಲ ಬಸುರಿ, ಆಗ ಐದನೆಯ ತಿಂಗಳು. ಗಾರ್ಡಿನ ಡಬ್ಬಿಯ ಉಬ್ಬು ಕಿಂಡಿಯ ಸುತ್ತ ಗೆರೆ ತಿರುಗಿಸುವಾಗ ಬಣ್ಣ ಸೋರಿತು. ಅಣ್ಣ ಅವಳು ಕೂತಿದ್ದ ಸ್ಟೂಲನ್ನು ಒದ್ದ. ಅವಳ ಹೊಟ್ಟೆ ಮೇಜಿನ ಮೂಲೆಗೆ ಬಡಿಯಿತು. ಆ ಇಡೀ ಮಧ್ಯಾಹ್ನ ನಾನು ನೆಲ ತೊಳೆದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಲಮೇಲಕ್ಕೆ ಬಚ್ಚಲಲ್ಲಿ ಜಾರಿ ಬಿದ್ದಳು, ಕೂಸು ಹೋಯಿತು ಎಂದು ಹೇಳಿ ಕಳಿಸಲಾಯಿತು. ಅಣ್ಣ ಅಂದು ಉಂಡ, ಬಾಯಿ ಮುಕ್ಕಳಿಸಿದ, ಸೋರಿದ ಬಣ್ಣವನ್ನು ಟರ್ಪಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಒಂದು ಹನಿ ಕಣ್ಣೀರು ಬರಲಿಲ್ಲ.

ಮರುವರ್ಷ ವೈನಿ ಮತ್ತೆ ಬಸುರಿಯಾದಳು. ಈ ಕೂಸು ಉಳಿಯಬೇಕಾದರೆ ಅವಳು ಆ ಮನೆಯಿಂದ ಹೊರಬೀಳಬೇಕಿತ್ತು, ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದಕ್ಕೆ ದಾರಿಯೂ ಇತ್ತು. ನಮ್ಮಲ್ಲಿ ಏಳನೆಯ ತಿಂಗಳಿಗೆ ತವರಿನವರು ಬಂದು ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಮಗಳನ್ನು ಹೆರಿಗೆಗೆ ಕರೆದೊಯ್ಯುತ್ತಾರೆ. ನಾನು ದಿನ ಎಣಿಸುತ್ತ ಕೂತೆ. ಏಳು ತುಂಬಿತು, ಆಲಮೇಲದಿಂದ ಹೇಳಿಕೆ ಬಂತು.

"ಗಾಡಿ ಮುಗೀಲಿ, ಆಮ್ಯಾಲೆ ಹೋಗಲಿ," ಅಂದ ಅಣ್ಣ.

ಗಾಡಿ ಎಂದರೆ ಅವನು ತಿದ್ದುತ್ತಿದ್ದ ಆ ಡಬ್ಬಿಗಳ ಸಾಲು. ಐದು ಮುಗಿದಿದ್ದವು, ಆರನೆಯದು ಉಳಿದಿತ್ತು. ಒಂದೇ ತಾನೇ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ವೈನಿ ಗೆರೆ ಎಳೆದು ಮುಗಿಸಿದಳು. ಅಣ್ಣ ಅದನ್ನು ಬೆಳಕಿಗೆ ಹಿಡಿದು ಒಂದು ಕಡೆ ನೋಡಿದ, ತಿರುಗಿಸಿ ಇನ್ನೊಂದು ಕಡೆ ನೋಡಿದ, ಆಮೇಲೆ ತನ್ನ ಹಣೆಯನ್ನೇ ಗೋಡೆಗೆ ಗಟ್ಟಿಸಿಕೊಂಡ.

"ಇದು ಓಣಿ ಕಡೆ! ಒಂದ್ ಕಡೆ ಖೋಲಿ, ಒಂದ್ ಕಡೆ ಓಣಿ. ಓಣಿ ಕಡೆ ಇಷ್ಟ್ ಬಾಗಲಾ ಎಲ್ಲಿ ಇರ್ತಾವ? ನಾನ ಕೂಡಿಸೀನಿ ಆ ಬಾಗಲಾ, ನಾನ ಮರತೀನಲ್ಲ!"

ವಿಲಾಯತಿಯ ಆ ಡಬ್ಬಿಗಳಲ್ಲಿ ಒಂದು ಪಕ್ಕಕ್ಕೆ ಸಾಲಾಗಿ ಖೋಲಿಗಳು, ಪ್ರತಿ ಖೋಲಿಗೂ ಹೊರಗಿನ ಬಾಗಿಲು. ಇನ್ನೊಂದು ಪಕ್ಕಕ್ಕೆ ಜನ ಓಡಾಡುವ ಸಣ್ಣ ಓಣಿ, ಅಲ್ಲಿ ದೊಡ್ಡ ಕಿಟಕಿಗಳು, ಬಾಗಿಲು ಕಡಿಮೆ. ಆಟಿಕೆಯವರು ಎರಡೂ ಕಡೆ ಒಂದೇ ಚಿತ್ರ ಒತ್ತಿದ್ದರು. ಅಣ್ಣ ಆರನೆಯದನ್ನು ಸೋಡಾ ನೀರಲ್ಲಿ ಕುದಿಸಿ ಬಣ್ಣ ಕಿತ್ತು, ಒಂದು ಪಕ್ಕವನ್ನು ಕತ್ತರಿಸಿ ಒಗೆದು, ಮೊದಲಿನಿಂದ ಶುರು ಮಾಡಿದ. ಆಲಮೇಲದ ಎರಡನೆಯ ಹೇಳಿಕೆಯೂ ಹಾಗೇ ಹಿಂದಕ್ಕೆ ಹೋಯಿತು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ವೈನಿಯ ಮೇಲೆ. ಅವಳಿಗೆ ಆ ಡಬ್ಬಿಗಳ ಮೇಲೆ ಜೀವ. ಗೆಣ್ಣಿಗೆ ಅರಿಸಿನ ಮೆತ್ತಿಕೊಂಡು ಬಂದು, "ಅಕ್ಕೋರ, ನೋಡ್ರಿ, ಎಲ್ಲರ ನಡಗೇತೇನು?" ಎಂದು ಗೆರೆ ತೋರಿಸುತ್ತಿದ್ದಳು.

"ವೈನಿ, ನಿಮಗ ಬುದ್ಧಿ ಐತೋ ಇಲ್ಲೋ? ಹೊಟ್ಯಾಗ ಕೂಸು ಇಟ್ಕೊಂಡು ಗೆರಿ ನೋಡ್ರಿ ಅಂತೀರಿ."

"ಗೆರಿ ಚಂದ ಬಂದ್ರ ಬಂತು ಅನಬೇಕ್ರಿ. ಅದರದೇನು ತಪ್ಪು?" ಎಂದು ನಗುತ್ತಿದ್ದಳು. ಒಮ್ಮೆ ಬಾಗಿಲ ಹಿಡಿಕೆಗಳನ್ನು ಬೆರಳಲ್ಲಿ ಮುಟ್ಟಿ, ಇವು ಹೊರಗಷ್ಟೇ ಇವೆಯಲ್ಲ, ಒಳಗೆ ಕೂತವರು ಹೇಗೆ ಇಳಿಯುತ್ತಾರೆ ಎಂದು ಕೇಳಿದಳು. ಕಿಟಕಿಯ ಗಾಜನ್ನು ತೊಗಲಿನ ಪಟ್ಟಿ ಹಿಡಿದು ಕೆಳಗಿಳಿಸಿ, ಕೈ ಹೊರಗೆ ಚಾಚಿ ತೆರೆಯಬೇಕು ಎಂದು ಅಣ್ಣ ಬಹಳ ಸಮಾಧಾನದಿಂದ ತಿಳಿಸಿ ಹೇಳಿದ. ಆ ದಿನ ಹೊಡೆಯಲಿಲ್ಲ. ಅವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಅಂಥ ಪ್ರೀತಿ ಸುಡುಗಾಡಿಗೆ ಹೋಗಲಿ.

ಮೂರನೆಯ ಸಲ ಹೇಳಿಕೆ ಬರಲಿಲ್ಲ, ವೈನಿಯ ಅವ್ವನೇ ಬಂದಳು. ಸಿಂದಗಿಯಲ್ಲಿ ಬಸ್ಸು ಬದಲಿಸಿ, ಹಸಿರು ಸೀರೆ, ಕುಬಸದ ಉಂಡಿಗಳ ಬುಟ್ಟಿ ಹೊತ್ತುಕೊಂಡು, ಖಂಡೇನವಮಿಯ ಹಿಂದಿನ ದಿನ. ಅಣ್ಣ ಅದೇ ದಿನ ಬೆಳಿಗ್ಗೆ ಬಣ್ಣ ತರಲು ಸಿಂದಗಿಗೆ ಹೋಗಿದ್ದ, ಮರುದಿನ ಬರುವವನಿದ್ದ. ನಾನು ಹಬ್ಬದ ಸಾಮಾನಿಗೆಂದು ಸಂತೆಗೆ ಹೋದೆ. ವೈನಿ ಉಂಡು ಮಲಗಿದಳು, ಏಳು ತುಂಬಿದವಳು, ಮಲಗಿದರೆ ಎಚ್ಚರವಿರುತ್ತಿರಲಿಲ್ಲ.

ಖಂಡೇನವಮಿಗೆ ನಮ್ಮ ಕಡೆ ಮನೆಯ ಹತ್ಯಾರಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ. ಕುಡಗೋಲು, ಕೊಡಲಿ, ಹಾರೆ, ದರ್ಜಿಯಾದರೆ ಕತ್ತರಿ, ಯಾರ ಹೊಟ್ಟೆಪಾಡು ಯಾವುದೋ ಅದು. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಬೀಗರ ಮನೆಗೆ ಬಂದು ವೈನಿಯ ಅವ್ವ ಸುಮ್ಮನೆ ಕೂಡುವವಳಲ್ಲ. ಸಂತೆಯಿಂದ ಮರಳಿ ಬಂದಾಗ ಪಡಸಾಲೆಯಲ್ಲಿ ಹತ್ಯಾರಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಹಾರೆ, ಕುಡಗೋಲು, ತಗಡು ಕತ್ತರಿ, ಫೂಟುಪಟ್ಟಿ. ಅವುಗಳ ಪಕ್ಕದಲ್ಲಿ ಐದು ರೈಲು ಡಬ್ಬಿಗಳು, ಬರಿಯ ಬಿಳಿ ತಗಡು.

"ಎಷ್ಟ್ ಹೊಲಸಾಗಿದ್ದೂವ್ರಿ ಅಕ್ಕೋರ," ಅಂದಳು ಅವ್ವ, ತೋಳಿನ ತನಕ ಹುಣಸೆಹಣ್ಣು ಮೆತ್ತಿಕೊಂಡು. "ತಳಕ್ಕೆಲ್ಲ ಮಸಿ, ಜಂಗು. ಅಳ್ಯಾಂದಿರ ಹತ್ಯಾರ ಹಾಂಗ ಪೂಜಿಗಿ ಇಡೂದೇನ್ರಿ? ಸೋಡಾ ಹಾಕಿ ಕುದಿಸಿ, ಬೂದಿ ಹಚ್ಚಿ ತಿಕ್ಕೀನಿ. ನೋಡ್ರಿ, ಕನ್ನಡಿ ಆಗ್ಯಾವು!"

ಆ ಮಸಿ, ತುಕ್ಕಿನಂಥ ಆ ಜಂಗು ಅಣ್ಣ ತಾನೇ ಹಚ್ಚಿದ್ದು. ಓಡಿದ ಡಬ್ಬಿಗೆ ಗಾಲಿಯ ಧೂಳು, ಹೊಗೆಯ ಕಪ್ಪು ಎಲ್ಲೆಲ್ಲಿ ಕೂಡುತ್ತದೋ ಅಲ್ಲಲ್ಲೇ ದೀಪದ ಕಾಡಿಗೆ, ಇಟ್ಟಂಗಿಪುಡಿ ಕಲಸಿ ತಿಂಗಳುಗಟ್ಟಲೆ ಹಚ್ಚಿದ್ದ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿಯೇ ಇಲ್ಲದ ಮೇಲೆ ಅದು ಏನು, ಎತ್ತ ಎಂದು ಅವಳು ಯಾರನ್ನು ಕೇಳಬೇಕು? ಕಿಟಕಿಯ ಹಾಳೆಗಳು ಬಿಸಿನೀರಿಗೆ ಸುರುಳಿ ಸುತ್ತಿ ಬಚ್ಚಲಲ್ಲಿ ಬಿದ್ದಿದ್ದವು. ವೈನಿ ಹಿಂದಿನ ದಿನವಷ್ಟೇ ಹೊಸದಾಗಿ ಗೆರೆ ಎಳೆದಿದ್ದ ಆರನೆಯದು ಮಾತ್ರ ಮಾಡಿನ ಹತ್ತಿರದ ಹಲಗೆಯ ಮೇಲೆ ಒಣಗುತ್ತಿತ್ತು, ಅವಳಿಗೆ ನಿಲುಕಿರಲಿಲ್ಲ.

ವೈನಿ ಎದ್ದು ಬಂದು ನೋಡಿದಳು. ಈಗಲೇ ಹೊರಡಿ ಎಂದು ನಾನು ಅವ್ವನಿಗೆ ಹೇಳಿದೆ. ಗಂಡನ ಅಪ್ಪಣೆ ಇಲ್ಲದೆ ಮಗಳನ್ನು ಹೇಗೆ ಕರೆದೊಯ್ಯಲಿ ಎಂದು ಆಕೆ ಕೂತೇ ಬಿಟ್ಟಳು. ಆಗ ನನ್ನ ಸಿಟ್ಟು ಕಟ್ಟೆ ಒಡೆಯಿತು. ಬಚ್ಚಲಲ್ಲಿ ಯಾರೂ ಜಾರಿ ಬೀಳಲಿಲ್ಲ ಎಂದೆ. ಸ್ಟೂಲು, ಒದೆ, ಮೇಜಿನ ಮೂಲೆ, ಎಲ್ಲ ಹೇಳಿದೆ. ಆಕೆ ಮಗಳ ಕೈ ಎಳೆದುಕೊಂಡು ಗೆಣ್ಣುಗಳನ್ನು ನೋಡಿದಳು, ಒಂದೊಂದಾಗಿ. ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು, ಹಬ್ಬದ ದಿನ ಸಿಂದಗಿಗೆ ಮಧ್ಯಾಹ್ನದ ತನಕ ಬಸ್ಸಿರಲಿಲ್ಲ.

ಮರುದಿನ ಪೂಜೆ ಮುಗಿದು, ಡಬ್ಬಿ ಡಬ್ಬಿಗೂ ಕುಂಕುಮ ಏರಿ, ಎಡೆ ಹಿಡಿಯುವ ಹೊತ್ತಿಗೆ ಅಣ್ಣ ಬಂದ. ಚಪ್ಪಲಿ ಬಿಟ್ಟ. ನೋಡಿದ. ಬಣ್ಣದ ಸೀಸೆಗಳ ಚೀಲವನ್ನು ಮೆಲ್ಲಗೆ ಮೂಲೆಗೆ ಇಟ್ಟ. ಅವನು ಹಾಗೆ ಮೆಲ್ಲಗೆ ಏನಾದರೂ ಇಟ್ಟರೆ ಮುಂದೆ ಏನೆಂದು ನಮಗೆಲ್ಲ ಗೊತ್ತಿತ್ತು. ಅತ್ತೆಯ ಮೇಲೆ ಕೈ ಎತ್ತುವಂತಿಲ್ಲ, ಅದು ಅವನಿಗೂ ಗೊತ್ತು. ವೈನಿಯ ಹತ್ತಿರ ಹೋಗಿ ಕಪಾಳಕ್ಕೆ ಹೊಡೆದ. ಅವಳು ಕಂಬಕ್ಕೆ ಆತುಕೊಂಡು ನಿಂತಳು, ಎರಡೂ ಕೈ ಹೊಟ್ಟೆಯ ಮೇಲೆ. ಅವನು ತಿರುಗಿ ಪೂಜೆಯ ಸಾಲಿನಿಂದ ಫೂಟುಪಟ್ಟಿ ಎತ್ತಿಕೊಂಡ.

"ಪೂಜಿ ಸಾಮಾನ ಮುಟ್ಟಬ್ಯಾಡ್ರಿ!" ಎಂದು ಬಾಗಿಲ ಹಿಂದಿನಿಂದ ವೈನಿಯ ಅವ್ವ ಕೂಗಿದಳು. ಅಳಿಯನ ಎದುರು ಆಕೆ ಆಡಿದ ಮೊದಲ ಮಾತು. "ತಿಕ್ಕಿದಾಕಿ ನಾನು. ಬರ್ರಿ, ನನ್ನ ಹೊಡೀರಿ!"

ಅವನು ಕೇಳಿಸಿಕೊಳ್ಳಲಿಲ್ಲ. ಅವನು ಪೂಜೆ ಕೆಡಿಸಿದ ಮೇಲೆ ನನಗೇನು ಕಟ್ಟುಪಾಡು? ನಾನು ಹಾರೆ ಎತ್ತಿಕೊಂಡೆ.

"ಅಣ್ಣಾ, ಇತ್ಲಾಗ ನೋಡು," ಎಂದು ಮೊದಲನೆಯ ಡಬ್ಬಿಯ ಮೇಲೆ ಹಾರೆಯ ಬುಡ ಕುಟ್ಟಿದೆ. ತಗಡು ಕಿರುಚಿದ ಸದ್ದಿಗೆ ಅವನ ಕೈ ನಿಂತಿತು. "ಆಕಿಗಿ ಒಂದ್ ಏಟು, ಇಲ್ಲಿ ಒಂದ್ ಡಬ್ಬಿ. ಹೊಡಿ ನೋಡೂಣು."

ಪಟ್ಟಿ ಅವಳ ಭುಜದ ಮೇಲೆ ಬಿತ್ತು. ನಾನು ಎರಡನೆಯದನ್ನು ಜಜ್ಜಿದೆ. ಅವನು ಅವಳನ್ನು ಬಿಟ್ಟು ನನ್ನ ಮೇಲೆ ಬಂದ. ಹೆರಳು ಹಿಡಿದು ಎಳೆದ, ನನ್ನ ಬಾಯಿ ಹೊಸ್ತಿಲ ಕಲ್ಲಿಗೆ ಹೋಗಿ ಬಡಿಯಿತು, ಮುಂದಿನ ಹಲ್ಲು ಮುರಿಯಿತು. ರಕ್ತ ಉಗುಳುತ್ತಲೇ ಅವನ ಕೈ ಕಚ್ಚಿದೆ, ಬಿಡಿಸಿಕೊಂಡೆ, ಮೂರನೆಯದು, ನಾಲ್ಕನೆಯದು. ನನಗೆ ಆಗ ಭಯವೂ ಇರಲಿಲ್ಲ, ನೋವೂ ಇರಲಿಲ್ಲ. ಸುಳ್ಳೇಕೆ ಹೇಳಲಿ, ಸುಖವಾಗುತ್ತಿತ್ತು. ಐದನೆಯದನ್ನು ಕುಟ್ಟುತ್ತ, "ವೈನಿ, ಓಡ್ರಿ!" ಎಂದು ಅರಚಿದೆ.

ಅವಳು ಓಡಿದಳು, ಬಾಗಿಲ ಕಡೆಗಲ್ಲ. ಸ್ಟೂಲು ಎಳೆದು, ಆ ಹೊಟ್ಟೆ ಹೊತ್ತುಕೊಂಡು ಮೇಲೆ ಹತ್ತಿ, ಹಲಗೆಯಿಂದ ಆರನೆಯ ಡಬ್ಬಿಯನ್ನು ಇಳಿಸಿದಳು. ನನ್ನ ಕೈಯಿಂದ ಅದನ್ನು ಉಳಿಸಿಕೊಳ್ಳಲು ಹೊರಟಿದ್ದಾಳೆ ಎಂದುಕೊಂಡು ನನ್ನ ಹೊಟ್ಟೆ ಉರಿದು ಹೋಯಿತು. ಅಣ್ಣ ನನ್ನ ಹೆರಳು ಬಿಟ್ಟ.

"ಕೆಳಗಿಡು," ಅಂದ. ದನಿ ಅಳುವಂತಿತ್ತು. "ಸಾವಕಾಶ ಇಡು. ಗೆರಿ ಇನ್ನಾ ಹಸೀ ಐತಿ."

ಅವಳು ಡಬ್ಬಿಯನ್ನು ಕಣ್ಣೆತ್ತರ ಹಿಡಿದು ನೋಡಿದಳು. ಒಂದು ಕಡೆ ಖೋಲಿಗಳು, ಒಂದು ಕಡೆ ಓಣಿ, ಎಲ್ಲೂ ನಡುಗದ ಗೆರೆ. ಅಷ್ಟು ಚೆಂದದ್ದನ್ನು ಆ ಮನೆಯಲ್ಲಿ ಯಾರೂ ಎಂದೂ ಮಾಡಿರಲಿಲ್ಲ. ಅವನು ಹೇಳಿದಂತೆಯೇ ಸಾವಕಾಶ ನೆಲಕ್ಕೆ ಇಟ್ಟಳು. ನನ್ನ ಮುಂದೆ ಕೈ ಚಾಚಿದಳು. ನಾನು ಹಾರೆ ಕೊಟ್ಟೆ.

"ಗಾಡಿ ಮುಗದ ಮ್ಯಾಲೆ ಹೋಗು ಅಂದಿದ್ರಿ," ಅಂದಳು ಗಂಡನಿಗೆ.

ಹಾರೆ ಎತ್ತಿ ಹೊಡೆದಳು. ಒಂದೇ ಏಟು ಸಾಕಾಗಿತ್ತು, ಅವಳು ಅದು ಚಪ್ಪಟೆಯಾಗುವ ತನಕ ಹೊಡೆದಳು. ಹಳದಿ ಬಣ್ಣ ಹಾರೆಗೆ ಮೆತ್ತಿತು, ಅವಳ ಸೀರೆಗೆ ಸಿಡಿಯಿತು.

"ಮುಗೀತ್ರಿ," ಎಂದಳು. ಹಾರೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು. ಅವ್ವ ಅವಳ ರಟ್ಟೆ ಹಿಡಿದಳು. ಹಸಿರು ಸೀರೆ, ಉಂಡಿಯ ಬುಟ್ಟಿ ಎಲ್ಲ ಅಲ್ಲೇ ಬಿಟ್ಟು ಇಬ್ಬರೂ ಹೊರಟರು. ಓಣಿಯ ಜನ ದಾರಿ ಬಿಟ್ಟರು. ಸಿಂದಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಅಣ್ಣ ಹಿಂದೆ ಹೋದರೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

ಅವನು ಹೋಗಲಿಲ್ಲ. ನೆಲಕ್ಕೆ ಕೂತ. ಒಂದೊಂದೇ ತುಣುಕು ಆರಿಸಿ ಪಂಚೆಯ ಮೇಲೆ ಇಟ್ಟುಕೊಂಡ, ಒತ್ತುಗುಂಡಿ, ಗುಂಡುಪಿನ್ನು, ಸೊಟ್ಟಾದ ಗಾಲಿ. ಆಮೇಲೆ ಅಳತೊಡಗಿದ. ಬಿಕ್ಕಿ ಬಿಕ್ಕಿ, ಮೂಗು ಸೋರುತ್ತ, ಎಳೆ ಕೂಸಿನಂತೆ ಅತ್ತ. ಅಲ್ಲಿಯ ತನಕ ನಾನು ಅವನ ಮೈ ಮೇಲೆ ಹಾರೆ ಎತ್ತಿರಲಿಲ್ಲ, ಎತ್ತುವ ಮನಸ್ಸೂ ಇರಲಿಲ್ಲ. ಆದರೆ ಅವನು ಕೂತಿದ್ದ ಜಾಗ ಹಿಂದಿನ ವರ್ಷ ನಾನು ರಕ್ತ ತೊಳೆದ ಜಾಗ. ಆ ಕೂಸಿಗೆ ಬಾರದ ಕಣ್ಣೀರು ಈ ತಗಡಿಗೆ ಬರುತ್ತಿತ್ತು. ನಾನು ಎರಡೂ ಕೈಯಿಂದ ಹಾರೆ ಎತ್ತಿ ಅವನ ಮೊಳಕಾಲ ಕೆಳಗೆ ಹೊಡೆದೆ. ಎಲುಬು ಮುರಿದ ಸಪ್ಪಳ ಕೇಳಿಸಿತು. ಇದನ್ನು ಬರೆಯುವಾಗಲೂ ನನಗೆ ಪಶ್ಚಾತ್ತಾಪವಿಲ್ಲ.

ಇಂಗಳೇಶ್ವರದಿಂದ ಎಲುಬು ಕೂಡಿಸುವವನನ್ನು ಕರೆಸಿ, ದಬ್ಬೆ ಕಟ್ಟಿಸಿದೆ. ಮೂರು ಹೊತ್ತು ರೊಟ್ಟಿ ಬಡಿದು ಹಾಕಿದೆ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಕೇಳಿದವರಿಗೆ ಅವನು ಬಾವಿಕಟ್ಟೆಯಿಂದ ಬಿದ್ದೆ ಎನ್ನುತ್ತಿದ್ದ. ಬಿದ್ದೆ ಎಂದು ಸುಳ್ಳು ಹೇಳುವುದು ಹೇಗಿರುತ್ತದೆಂದು ಅವನಿಗೂ ಗೊತ್ತಾಗಲಿ ಎಂದು ನಾನು ಸುಮ್ಮನಿದ್ದೆ.

ಎರಡು ತಿಂಗಳಾದ ಮೇಲೆ ಸಿಂದಗಿ ಬಸ್ಸಿನ ಕಂಡಕ್ಟರ ಮನೆ ಹುಡುಕಿಕೊಂಡು ಬಂದ. "ಅಕ್ಕೋರ, ಆಲಮೇಲದಾಗ ನಿಮ್ಮ ವೈನಿಗೆ ಹೆಣ್ಣಾತ್ರಿ. ತಾಯಿ ಕೂಸು ಇಬ್ಬರೂ ಆರಾಮ ಅದಾರ್ರಿ," ಅಂದ. ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಆ ಅಪರಿಚಿತನ ಎದುರಿಗೇ ಗಟ್ಟಿಯಾಗಿ ಅತ್ತೆ.

ಅಣ್ಣ ಒಳಗೆ ಹೊರಸಿನ ಮೇಲೆ ಮಲಗಿದ್ದ. ಎಲ್ಲ ಕೇಳಿಸಿತ್ತು. ಅಲ್ಲಿಂದಲೇ ಕೇಳಿದ.

"ಯಾರ ಹಾಂಗ ಐತಂತ?"

"ಹ್ಯಾಂಗ ಐತೋ ಹಾಂಗ ಇರಲಿ," ಅಂದೆ. "ಅದಕ್ಕ ನೀ ಕೈ ಹಚ್ಚಬ್ಯಾಡ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಎದ್ದು ಹೋಗಿ ಕಂಡಕ್ಟರನ ಕೈಗೆ ಬೆಲ್ಲ ಹಾಕಿದೆ.